ಫುಲ್‌ಟೈಮ್ ಡೆಲಿವರಿ ಕೆಲಸಕ್ಕೆ ಇಳಿಯಲು ಎಷ್ಟು ದಿನ ಬೇಕು? ಬೆಂಗಳೂರಿನ ಲೆಕ್ಕ

ತಿಪಟೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಸೋಮವಾರ ಬಸ್ ಹತ್ತುತ್ತೀನಿ. ಬುಧವಾರದಿಂದ ಡೆಲಿವರಿ ಶುರು ಮಾಡಿದ್ರೆ ಮುಂದಿನ ತಿಂಗಳೇ ಗಾಡಿ ಇಎಂಐ ಕಟ್ಟಬಹುದಲ್ವಾ?"

"ಡಿಎಲ್ ಇದೆಯೇನೋ?" ಅಂದೆ.

"ಮಾಡಿಸಬೇಕು."

ಊರಲ್ಲಿ ಹೈಸ್ಕೂಲಿನಿಂದಲೇ ಅಪ್ಪನ ಗಾಡಿ ಓಡಿಸಿದವನು. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಕೂಡ ಇರಲಿಲ್ಲ. ಅವನಿಗೆ ಅವತ್ತು ಫೋನಲ್ಲಿ ಹೇಳಿದ್ದನ್ನೂ ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನೂ ನಾಲ್ಕು ವರ್ಷ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಇದೇ ಊರು ಸುತ್ತಿದವನು.

ಮೊದಲು ನೇರ ಉತ್ತರ. ಡಿಎಲ್, ಗಾಡಿ, ಕಾಗದ ಎಲ್ಲ ಇದ್ದರೆ ಕಂಪನಿಯ ಐಡಿ, ಅಂದರೆ ಆ್ಯಪ್‌ನಲ್ಲಿ ಲಾಗಿನ್ ಆಗಿ ಆರ್ಡರ್ ಪಡೆಯುವ ಖಾತೆ, ಸಿಗಲು ಎರಡು ದಿನದಿಂದ ಒಂದು ವಾರ. ಡಿಎಲ್ ಇಲ್ಲದಿದ್ದರೆ ಅದಕ್ಕೇ ಒಂದೂವರೆ, ಎರಡು ತಿಂಗಳು. ಆದರೆ ಈ ಕೆಲಸವನ್ನೇ ನಂಬಿ ಬಾಡಿಗೆ ಕಟ್ಟುವ ಮಟ್ಟಕ್ಕೆ ಬರಲು, ಐಡಿ ಸಿಕ್ಕ ಮೇಲೆ ಇನ್ನೂ ಮೂರು ತಿಂಗಳು ಇಟ್ಟುಕೊಳ್ಳಿ, ಅಲ್ಲಿಯವರೆಗೆ ಇದ್ದ ಕೆಲಸ ಬಿಡದೆ ಸಂಜೆ ಹೊತ್ತು ಓಡಿಸಿ. ಐಡಿ ಬಂದ ದಿನವೇ ಇದ್ದ ಕೆಲಸ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡನೇ ತಿಂಗಳು ಅವರು ಸಾಲ ಕೇಳಿಕೊಂಡು ಬರುತ್ತಿದ್ದರು.

ಲೈಸೆನ್ಸ್: 30 ದಿನ ಯಾರಿಗೂ ತಪ್ಪಿದ್ದಲ್ಲ

ಗೇರ್ ಗಾಡಿಗೆ 18 ವರ್ಷ ತುಂಬಿರಬೇಕು. ಈಗ ಬರುವ ಸಾಮಾನ್ಯ ಸ್ಕೂಟರುಗಳಿಗೂ ಅಷ್ಟೇ, ಯಾಕೆಂದರೆ 16ಕ್ಕೆ ಸಿಗುವ ಲೈಸೆನ್ಸು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ಪರಿವಾಹನ್ ವೆಬ್‌ಸೈಟಿನ ಸಾರಥಿ ವಿಭಾಗದಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕಿ. ಆಧಾರ್ ಮೂಲಕ ಹಾಕಿದರೆ ಟೆಸ್ಟನ್ನು ಮನೆಯಿಂದಲೇ ಬರೆಯಬಹುದು. ರಸ್ತೆ ಚಿಹ್ನೆಗಳನ್ನು ಒಂದು ಸಂಜೆ ಕೂತು ಓದಿಕೊಂಡರೆ ಸಾಕು.

ಎಲ್‌ಎಲ್ ಬಂದು 30 ದಿನ ಕಳೆಯದೆ ಡಿಎಲ್ ಟೆಸ್ಟ್ ಕೊಡುವಂತಿಲ್ಲ. ಯಾವ ಬ್ರೋಕರ್ ಏನೇ ಹೇಳಲಿ, ಈ 30 ದಿನವನ್ನು ಕಡಿಮೆ ಮಾಡಲು ಅವನ ಕೈಲೂ ಆಗಲ್ಲ. ಎಲ್‌ಎಲ್‌ಗೆ ಆರು ತಿಂಗಳ ಆಯಸ್ಸು, ಅಷ್ಟರೊಳಗೆ ಟೆಸ್ಟ್ ಮುಗಿಸಬೇಕು. ಸರ್ಕಾರಿ ಫೀಸು ಕೆಲವು ನೂರು ರೂಪಾಯಿ ಮಾತ್ರ. ಬ್ರೋಕರ್‌ಗೆ ಸಾವಿರಗಟ್ಟಲೆ ಕೊಡುವ ಬದಲು ಆ ದುಡ್ಡಲ್ಲಿ ಒಂದು ಒಳ್ಳೆ ಹೆಲ್ಮೆಟ್ ತಗೊಳ್ಳಿ.

ಟೆಸ್ಟಲ್ಲಿ ಫೇಲಾಗುವವರು ಹೆಚ್ಚಾಗಿ ಫೇಲಾಗುವುದು 'ಎಂಟು' ಹಾಕುವಾಗ, ಅಂದರೆ 8ರ ಆಕಾರದಲ್ಲಿ ಗಾಡಿ ತಿರುಗಿಸುವಾಗ. ಊರಲ್ಲಿ ಹತ್ತು ವರ್ಷ ಗಾಡಿ ಓಡಿಸಿದವರೂ ಕಾಲು ಕೆಳಗಿಟ್ಟುಬಿಡುತ್ತಾರೆ. ಭಾನುವಾರ ಬೆಳಗ್ಗೆ ಯಾವುದಾದರೂ ಖಾಲಿ ಮೈದಾನದಲ್ಲಿ ಎರಡು ಕಲ್ಲಿಟ್ಟು, ಸೆಕೆಂಡ್ ಗೇರಲ್ಲಿ ನಿಧಾನವಾಗಿ ಸುತ್ತು ಹಾಕಿ. ಫೇಲಾದರೆ ಮತ್ತೆ ಕೊಡಲು ಕನಿಷ್ಠ ಏಳು ದಿನ ಕಾಯಬೇಕು. ಮೂರು ಸಲ ಫೇಲಾದರೆ 60 ದಿನ. ಅಂದರೆ ಎಂಟು ಹಾಕಲು ಬರದಿದ್ದರೆ ನಿಮ್ಮ ಪ್ಲಾನೇ ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾ? ಬೇಡ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಮೋಟರಿನ ಎಲೆಕ್ಟ್ರಿಕ್ ಗಾಡಿಗಳಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಬೆಂಗಳೂರಿನದೇ ಕಂಪನಿಯಾದ ಯುಲು ಇಂಥ ಗಾಡಿಗಳನ್ನು ಡೆಲಿವರಿಯವರಿಗೆ ಬಾಡಿಗೆಗೆ ಕೊಡುತ್ತದೆ. ಎರಡು ಮೂರು ಕಿಲೋಮೀಟರ್ ಒಳಗಿನ ದಿನಸಿ ಡೆಲಿವರಿಗೆ ಇದು ಸಾಕು. ಬಾಡಿಗೆ ಕಳೆದು ಉಳಿಯುವುದು ಕಡಿಮೆಯೇ, ಆದರೆ ಲೈಸೆನ್ಸ್ ಬರುವಷ್ಟರಲ್ಲಿ ಏರಿಯಾ ಕೈಗೆ ಬರುತ್ತದೆ. ನನ್ನ ತಮ್ಮ ಮಾಡಿದ್ದೂ ಇದನ್ನೇ. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಹೆಲ್ಮೆಟ್ ಬೇಡ ಅಂತಲ್ಲ, ನೆನಪಿರಲಿ.

ಟಾಟಾ ಏಸ್ ತರಹದ ಗೂಡ್ಸ್ ಗಾಡಿ ಓಡಿಸುವ ಆಸೆ ಇದ್ದರೆ ಲೆಕ್ಕ ಬೇರೆ. ಕಮರ್ಷಿಯಲ್ ಗಾಡಿ ಓಡಿಸಲು 20 ವರ್ಷ ತುಂಬಿರಬೇಕು. 8ನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ಹಳೆಯ ನಿಯಮ 2019ರಲ್ಲೇ ಹೋಯಿತು. 7,500 ಕೆಜಿ ಒಳಗಿನ ಗಾಡಿಗೆ ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು, ಬೇರೆ ಬ್ಯಾಡ್ಜ್ ಬೇಡ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಆದರೆ ಹಳದಿ ಬೋರ್ಡು, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಕಮರ್ಷಿಯಲ್ ಇನ್ಶೂರೆನ್ಸ್ ಎಲ್ಲ ತಲೆ ಮೇಲೆ ಬರುತ್ತವೆ. ಮೊದಲ ವರ್ಷವೇ ಸ್ವಂತ ಗೂಡ್ಸ್ ಗಾಡಿಗೆ ಕೈ ಹಾಕಬೇಡಿ, ಯಾರದಾದರೂ ಗಾಡಿಗೆ ಡ್ರೈವರ್ ಆಗಿ ಹೋಗಿ ನೋಡಿ. ಮುಂದೆ ನಾನು ಹೇಳುವುದೆಲ್ಲ ಟೂ ವೀಲರ್ ಬಗ್ಗೆ.

ಕಾಗದ ಮತ್ತು ಐಡಿ

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಡಿಎಲ್, ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಟೆಸ್ಟ್. ಇಷ್ಟೇ. ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಹೆಸರು ಒಂದೇ ತರಹ ಇರಲಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ವೆರಿಫಿಕೇಶನ್ ಅಲ್ಲೇ ನಿಲ್ಲುತ್ತದೆ. ನನ್ನದು ಹೀಗೇ ಹನ್ನೊಂದು ದಿನ ನಿಂತಿತ್ತು. ಪ್ಯಾನ್ ಕೊಡದಿದ್ದರೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ, ಶೇ 20ರ ದರದಲ್ಲಿ ಹಿಡಿಯಬಹುದು. ಪ್ಯಾನ್ ಕೊಟ್ಟವರಿಗೂ ಸ್ವಲ್ಪ ಹಿಡಿದರೆ, ವರ್ಷದ ಕೊನೆಗೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ. ಇದನ್ನು ಹಾಕದೆ ದುಡ್ಡು ಬಿಟ್ಟವರೇ ಜಾಸ್ತಿ.

ಐಡಿಯನ್ನು ಆ್ಯಪ್‌ನಿಂದಲೇ ಮಾಡಿಕೊಳ್ಳಿ. ಟಿ-ಶರ್ಟು, ಬ್ಯಾಗಿಗೆ ಕಂಪನಿ ದುಡ್ಡು ಹಿಡಿಯುವುದುಂಟು. ಆದರೆ "ಐಡಿ ಮಾಡಿಸಿಕೊಡ್ತೀನಿ, ಎರಡು ಸಾವಿರ ಕೊಡಿ" ಅನ್ನುವವನನ್ನು ನಂಬಬೇಡಿ. ಬೇರೆಯವರ ಐಡಿಯಲ್ಲಿ ಓಡಿಸುವುದಂತೂ ಬೇಡವೇ ಬೇಡ. ಅಪಘಾತ ಆದ ದಿನ ನೀವು ಯಾರು ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಯಾವ ಕೆಲಸ ಆರಿಸಬೇಕು? ಊಟದ ಡೆಲಿವರಿ ಅಂದರೆ ಮಧ್ಯಾಹ್ನ 12ರಿಂದ 3, ಸಂಜೆ 7ರಿಂದ 11. ನಡುವೆ ಖಾಲಿ. ಇನ್ನೊಂದು ಕೆಲಸದ ಜೊತೆ ಸಂಜೆ ಮಾತ್ರ ಮಾಡುವವರಿಗೆ ಇದು ಅನುಕೂಲ. ದಿನಸಿ ಡೆಲಿವರಿ ಡಾರ್ಕ್ ಸ್ಟೋರ್‌ನಿಂದ, ಅಂದರೆ ಆನ್‌ಲೈನ್ ಆರ್ಡರಿಗಾಗಿಯೇ ಇರುವ ಗೋದಾಮಿನಿಂದ. ದೂರ ಕಡಿಮೆ, ಭಾರ ಜಾಸ್ತಿ. ಹತ್ತು ಕೆಜಿ ಅಕ್ಕಿ ಹಿಡಿದು ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ ಹತ್ತಬೇಕಾಗುತ್ತದೆ. ಪಾರ್ಸೆಲ್ ಕೆಲಸ ಬೆಳಗ್ಗೆ ಹಬ್‌ನಿಂದ ಶುರು. ಬ್ಯಾಗ್ ತುಂಬಿಕೊಂಡು ಒಂದೇ ಏರಿಯಾ ಸುತ್ತಿ ಸಂಜೆ ಮುಗಿಸಬಹುದು. ಮಕ್ಕಳು ಮರಿ ಇರುವವರಿಗೆ ನಾನು ಹೇಳುವುದು ಪಾರ್ಸೆಲ್ಲನ್ನೇ, ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು.

ಮೊದಲ ತಿಂಗಳು: ಏರಿಯಾ ಕಲಿಯುವುದು

ಇಡೀ ಬೆಂಗಳೂರನ್ನು ಕಲಿಯಲು ಹೋಗಬೇಡಿ. ಮನೆಯಿಂದ ನಾಲ್ಕೈದು ಕಿಲೋಮೀಟರ್ ಒಳಗಿನ ಒಂದು ಜಾಗ ಹಿಡಿದು, ಅದನ್ನು ಅಂಗೈ ಗೆರೆಯಂತೆ ತಿಳಿದುಕೊಳ್ಳಿ.

ನನ್ನ ಮೊದಲ ವಾರದ ಒಂದು ರಾತ್ರಿ ಹೇಳುತ್ತೇನೆ. ಬನಶಂಕರಿ, ಇಡ್ಲಿ ಸಾಂಬಾರಿನ ಆರ್ಡರ್. ಅಡ್ರೆಸ್‌ನಲ್ಲಿ '3ನೇ ಕ್ರಾಸ್, 5ನೇ ಮೇನ್' ಅಂತ ಇತ್ತು. ಮ್ಯಾಪಿನ ಗುರುತು ಎಲ್ಲೋ ಪಾರ್ಕಿನ ನಡುವೆ. ನಾನು ಸೆಕೆಂಡ್ ಸ್ಟೇಜಿನ 3ನೇ ಕ್ರಾಸಿನಲ್ಲಿ ನಿಂತು ಬೆಲ್ ಒತ್ತಿದೆ. ಬಾಗಿಲು ತೆಗೆದ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ನಾವು ಇಡ್ಲಿ ಮನೇಲೇ ಮಾಡ್ತೀವಪ್ಪ" ಅಂದರು. ಫೋನ್ ಮಾಡಿದರೆ ಕಸ್ಟಮರ್ ಇರುವುದು ಥರ್ಡ್ ಸ್ಟೇಜಿನಲ್ಲಿ. "ಗಣಪತಿ ದೇವಸ್ಥಾನ ದಾಟಿ, ಮೋರಿ ಪಕ್ಕದ ಸಂದಿ" ಅಂದರು. ಅಲ್ಲಿ ಹೋಗುವಷ್ಟರಲ್ಲಿ ಎರಡು ಹಂಪು ಜೋರಾಗಿ ಹಾರಿಸಿದ್ದೆ. ಬ್ಯಾಗ್ ತೆಗೆದರೆ ಸಾಂಬಾರು ಬಿಲ್ ಮೇಲೆ, ನನ್ನ ಪ್ಯಾಂಟಿನ ಮೇಲೆ, ಎಲ್ಲ ಕಡೆ. ಡಬ್ಬಿಯಲ್ಲಿ ಮಾತ್ರ ಇರಲಿಲ್ಲ.

ಆ ರಾತ್ರಿ ಕಲಿತದ್ದು ಎರಡು. ಈ ಊರಲ್ಲಿ ಕ್ರಾಸ್ ನಂಬರನ್ನೊಂದೇ ನಂಬಬಾರದು. ಪ್ರತಿ ಸ್ಟೇಜಿಗೂ ಪ್ರತಿ ಬ್ಲಾಕಿಗೂ ಒಂದೊಂದು 3ನೇ ಕ್ರಾಸ್ ಇರುತ್ತದೆ. ಮೊದಲು ಸ್ಟೇಜ್ ಅಥವಾ ಬ್ಲಾಕ್, ಆಮೇಲೆ ಮೇನ್, ಕೊನೆಗೆ ಕ್ರಾಸ್ ನೋಡಿ. ಎಚ್‌ಎಸ್‌ಆರ್‌ನಲ್ಲಾದರೆ ಮೊದಲು ಸೆಕ್ಟರ್. ಅನುಮಾನ ಬಂದರೆ ಹೋಟೆಲಿನಿಂದ ಹೊರಡುವ ಮೊದಲೇ ಫೋನ್ ಮಾಡಿ, ಅರ್ಧ ದಾರಿಯಲ್ಲಲ್ಲ. ಎರಡನೆಯದು, ಬ್ಯಾಗಲ್ಲಿ ಯಾವಾಗಲೂ ಒಂದು ಹಳೇ ಟವೆಲ್ ಇರಲಿ. ಸಾಂಬಾರು, ರಸದ ಡಬ್ಬಿಗಳನ್ನು ತಳದಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ಟವೆಲ್ ತುರುಕಿ, ಅಲ್ಲಾಡಬಾರದು. ಆವತ್ತಿನಿಂದ ನಾನು ಸಾಂಬಾರು ಚೆಲ್ಲಿದ್ದು ಇನ್ನೊಂದೇ ಸಲ.

ಒಂದು ಚಿಕ್ಕ ನೋಟ್‌ಬುಕ್ ಇಡಿ. ನನ್ನದರಲ್ಲಿ ಇರುತ್ತಿದ್ದದ್ದು ಹೀಗೆ: ಯಾವ ಅಪಾರ್ಟ್‌ಮೆಂಟಿಗೆ ಡೆಲಿವರಿಯವರ ಗೇಟು ಹಿಂದಿನ ರಸ್ತೆಯಲ್ಲಿದೆ, ಯಾವುದರಲ್ಲಿ ಸರ್ವಿಸ್ ಲಿಫ್ಟ್ ಬೇರೆ, ಯಾವ ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಬರಲ್ಲ. ಬೇಸ್‌ಮೆಂಟಿಗೆ ಇಳಿದ ಮೇಲೆ 'ಡೆಲಿವರ್ಡ್' ಒತ್ತಲು ಆಗದೆ ಮತ್ತೆ ಮೇಲೆ ಓಡಿ ಬರುವುದರಲ್ಲಿ ಐದು ನಿಮಿಷ ಹೋಗುತ್ತದೆ. ಯಾವ ಹೋಟೆಲಿನವರು 'ರೆಡಿ' ಅಂತ ಒತ್ತಿ ಇಪ್ಪತ್ತು ನಿಮಿಷ ಕಾಯಿಸುತ್ತಾರೆ ಅನ್ನುವುದನ್ನೂ ಬರೆಯಿರಿ. ಸೆಕ್ಯುರಿಟಿ ಅಣ್ಣಂದಿರ ಹತ್ತಿರ ಜಗಳ ಆಡಬೇಡಿ. "ಊಟ ಆಯ್ತಾ ಅಣ್ಣ" ಅಂತ ಕೇಳಿ ಹೋಗುವವನಿಗೆ ಗೇಟು ಬೇಗ ತೆರೆಯುತ್ತದೆ.

ಮಳೆ ಬಂದರೆ ನೀರು ನಿಲ್ಲುವ ಅಂಡರ್‌ಪಾಸ್‌ಗಳನ್ನು ಗುರುತು ಮಾಡಿಕೊಳ್ಳಿ. ಸಂಜೆ ಆರರ ಮೇಲೆ ಸಿಲ್ಕ್ ಬೋರ್ಡ್, ಮಾರತಹಳ್ಳಿ ದಾಟುವ ಆರ್ಡರ್ ಬಂದರೆ ದುಡ್ಡು ನೋಡಿ ಒಪ್ಪಬೇಡಿ, ಗಂಟೆ ನೋಡಿ. ಸುತ್ತಿ ಬರಬೇಕಲ್ಲ ಅಂತ ಒನ್‌ವೇನಲ್ಲಿ ನುಗ್ಗುವುದು, ಫುಟ್‌ಪಾತ್ ಹತ್ತುವುದು ಬೇಡ. ಒಂದು ಫೈನಿಗೆ ಅರ್ಧ ದಿನದ ದುಡಿಮೆ ಹೋಗುತ್ತದೆ. ಸಿಗ್ನಲ್ ಕ್ಯಾಮೆರಾ ಹಿಡಿದ ಫೈನು ನಿಮಗೆ ಗೊತ್ತಾಗದೆ ಗಾಡಿ ನಂಬರಿನ ಮೇಲೆ ಸೇರುತ್ತಾ ಹೋಗುತ್ತದೆ. ತಿಂಗಳಿಗೊಮ್ಮೆ ಆನ್‌ಲೈನಲ್ಲಿ ನೋಡಿ.

ಎರಡನೇ, ಮೂರನೇ ತಿಂಗಳು: ಲೆಕ್ಕದ ಪುಸ್ತಕ

ಆ್ಯಪ್ ತೋರಿಸುವ ಮೊತ್ತ ನಿಮ್ಮ ಸಂಬಳ ಅಲ್ಲ. ಒಂದು ದಿನದ ಲೆಕ್ಕ ಮಾಡಿ ನೋಡೋಣ. ಆ್ಯಪ್‌ನಲ್ಲಿ 1,100 ರೂಪಾಯಿ ಬಂತು ಅಂತ ಇಟ್ಟುಕೊಳ್ಳಿ. ಗಾಡಿ 120 ಕಿಲೋಮೀಟರ್ ಓಡಿದೆ. ಸಿಟಿಯಲ್ಲಿ ಲೀಟರಿಗೆ 45 ಕೊಡುವ ಸ್ಕೂಟರ್, ಪೆಟ್ರೋಲ್ 103 ಅಂದರೆ ಸುಮಾರು 275 ಹೋಯಿತು. ಆಯಿಲ್, ಟೈರು, ಬ್ರೇಕು, ಸರ್ವಿಸಿಗೆ ಅಂತ ಕಿಲೋಮೀಟರಿಗೆ 1 ರೂಪಾಯಿ ಪಕ್ಕಕ್ಕಿಡಿ, 120. ಊಟ, ಟೀ 120. ಮೊಬೈಲ್ ಡೇಟಾ 10. ಉಳಿದದ್ದು 575. ಹನ್ನೊಂದು ಗಂಟೆ ಲಾಗಿನ್ ಇದ್ದಿರಿ, ಅಂದರೆ ಗಂಟೆಗೆ ಸುಮಾರು 52 ರೂಪಾಯಿ. ತಿಂಗಳಿಗೆ 26 ದಿನ ಹೀಗೆ ಓಡಿಸಿದರೆ 15 ಸಾವಿರದ ಹತ್ತಿರ.

ಈಗ ಅದೇ 1,100ನ್ನು 80 ಕಿಲೋಮೀಟರಿನಲ್ಲಿ ದುಡಿದವನ ಲೆಕ್ಕ ನೋಡಿ. ಪೆಟ್ರೋಲಿಗೆ 183, ಗಾಡಿಗೆ 80. ಉಳಿದದ್ದು 707. ದಿನಕ್ಕೆ 132 ಜಾಸ್ತಿ, ತಿಂಗಳಿಗೆ 3,400 ಚಿಲ್ಲರೆ. ಇವನೇನು ಜೋರಾಗಿ ಓಡಿಸಲಿಲ್ಲ. ಎಲ್ಲಿ ನಿಂತರೆ ಹತ್ತಿರದ ಆರ್ಡರ್ ಬರುತ್ತದೆ, ಯಾವುದನ್ನು ಬಿಡಬೇಕು, ಯಾವ ಗೇಟಿನಿಂದ ಒಳಗೆ ಹೋಗಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಮೊದಲ ತಿಂಗಳ ನೋಟ್‌ಬುಕ್ ದುಡ್ಡಾಗುವುದು ಇಲ್ಲೇ. ಮೂರು ತಿಂಗಳು ಬೇಕು ಅಂತ ನಾನು ಹಟ ಹಿಡಿಯುವುದೂ ಇದಕ್ಕೇ.

ಕಿಲೋಮೀಟರಿಗೆ 1 ರೂಪಾಯಿ ಜಾಸ್ತಿ ಆಯ್ತು ಅಂತ ತಮ್ಮ ವಾದ ಮಾಡಿದ. ದಿನಕ್ಕೆ 120ರಂತೆ ಓಡಿಸಿದರೆ ವರ್ಷಕ್ಕೆ 37 ಸಾವಿರ ಕಿಲೋಮೀಟರ್. ಮನೆ ಬಳಕೆಯ ಗಾಡಿ ನಾಲ್ಕೈದು ವರ್ಷಕ್ಕೆ ಓಡುವಷ್ಟು. ಹಿಂದಿನ ಟೈರು ವರ್ಷಕ್ಕೆ ಎರಡು ಸಲವಾದರೂ ಬದಲಾಗುತ್ತದೆ, ಆಯಿಲ್ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಎರಡನೇ ವರ್ಷ ಮೆಕ್ಯಾನಿಕ್ ದೊಡ್ಡ ಬಿಲ್ ಕೊಟ್ಟಾಗ ಆ ಒಂದು ರೂಪಾಯಿಯ ಬೆಲೆ ಗೊತ್ತಾಗುತ್ತದೆ.

ಒಂದು ತಿಂಗಳ ಲೆಕ್ಕ ಯಾಕೆ ಸಾಲದು? ಒಂದು ತಿಂಗಳಿದ್ದಂತೆ ಇನ್ನೊಂದಿರಲ್ಲ. ಸಂಬಳ ಬಿದ್ದ ಮೊದಲ ವಾರ ಜನ ಹೊರಗಿನ ಊಟ ತರಿಸುತ್ತಾರೆ, ಕೊನೆಯ ವಾರ ಮನೆಯಲ್ಲೇ ಚಿತ್ರಾನ್ನ. ಶ್ರಾವಣದಲ್ಲಿ ಬಿರಿಯಾನಿ ಆರ್ಡರ್ ಇಳಿಯುತ್ತದೆ. ದಸರಾ ರಜೆಗೆ ಅರ್ಧ ಊರು ಖಾಲಿ. ಹೊಸ ಐಡಿಗೆ ಶುರುವಿನಲ್ಲಿ ಕೊಡುವ ಇನ್ಸೆಂಟಿವ್ ಆಮೇಲೆ ನಿಂತುಹೋಗುವುದೂ ಉಂಟು. ಆ ಮೊದಲ ತಿಂಗಳ ದುಡ್ಡು ನೋಡಿ ಇಎಂಐಗೆ ಸಹಿ ಹಾಕಿದರೆ ಕಷ್ಟ.

ಖರ್ಚು ಇಳಿಸುವ ದಾರಿಯೂ ಇದೆ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ನಿಮ್ಮ ಏರಿಯಾದ ಕ್ಯಾಂಟೀನ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ. ಹಾಗೇ ಟಾಯ್ಲೆಟ್ ಎಲ್ಲಿದೆ ಅಂತಲೂ. ಇದನ್ನು ಯಾರೂ ಹೇಳಿಕೊಡಲ್ಲ. ಟಾಯ್ಲೆಟ್ ಸಿಗಲ್ಲ ಅಂತ ನೀರು ಕುಡಿಯದೆ ಓಡಾಡಿ ನಾನು ಒಂದು ಬೇಸಿಗೆ ಆಸ್ಪತ್ರೆ ಸೇರಿದ್ದೆ.

ಬಿದ್ದರೆ ಯಾರು ನೋಡುತ್ತಾರೆ?

ಫುಲ್‌ಟೈಮ್ ಆಗುವ ಮೊದಲು ಈ ಕೆಲಸಗಳು ಮುಗಿದಿರಲಿ.

ಗಾಡಿಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಭಾಗ ಇರುತ್ತದೆ. ಮನೆ ಬಳಕೆಯ ಪಾಲಿಸಿಗಳಲ್ಲಿ ಬಾಡಿಗೆಗೆ ಸರಕು ಸಾಗಿಸುವುದು ಸೇರಿರುವುದಿಲ್ಲ. ಕ್ಲೇಮ್ ಸಮಯದಲ್ಲಿ ತಕರಾರು ಬರುವುದು ಈ ಸಾಲಿನಿಂದಲೇ. ಡೆಲಿವರಿಗೆ ಓಡಿಸುತ್ತೇನೆ ಅಂತ ಏಜೆಂಟ್‌ಗೆ ಹೇಳಿ, ಅದಕ್ಕೆ ತಕ್ಕ ಪಾಲಿಸಿ ಕೇಳಿ.

ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಇ-ಶ್ರಮ್ ಪೋರ್ಟಲ್‌ನಲ್ಲಿ ಪ್ಲಾಟ್‌ಫಾರ್ಮ್ ಕಾರ್ಮಿಕ ಅಂತ ನೋಂದಣಿ ಮಾಡಿಸಿ. ಗಿಗ್ ಕಾರ್ಮಿಕರಿಗೆ, ಅಂದರೆ ಆ್ಯಪ್ ಮೂಲಕ ಬಿಡಿ ಬಿಡಿ ಕೆಲಸ ಮಾಡುವ ನಮ್ಮಂಥವರಿಗೆ, ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಒಟ್ಟು 4 ಲಕ್ಷದ ವಿಮೆ ಪ್ರಕಟಿಸಿತು. ಜೀವ ವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ. ಪ್ರೀಮಿಯಂ ಸರ್ಕಾರದ್ದು. 2025ರಲ್ಲಿ ಗಿಗ್ ಕಾರ್ಮಿಕರಿಗೇ ಅಂತ ಕರ್ನಾಟಕದಲ್ಲಿ ಕಾಯ್ದೆಯೂ ಬಂತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ನಿಮ್ಮನ್ನು ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತಲೂ ಅದರಲ್ಲಿದೆ.

ಆ ನೋಟಿಸ್ ನಿಯಮ ನನ್ನ ಪಾಲಿಗೆ ತಡವಾಗಿ ಬಂತು. ಒಂದು ಶನಿವಾರ ಸಂಜೆ ಕಸ್ಟಮರ್ ಒಬ್ಬರು ಪಾರ್ಸೆಲ್ ಬಂದೇ ಇಲ್ಲ ಅಂದರು. ನಾನು ಸೆಕ್ಯುರಿಟಿ ಕೈಗೆ ಕೊಟ್ಟು ಬಂದಿದ್ದೆ. ಭಾನುವಾರ ಬೆಳಗ್ಗೆ ಐಡಿ ಬ್ಲಾಕ್. ಒಂಬತ್ತು ದಿನ ದುಡಿಮೆ ಇಲ್ಲ, ಚಾಟ್‌ನಲ್ಲಿ ಬರುತ್ತಿದ್ದದ್ದು ಒಂದೇ ಉತ್ತರ. ಅಂದಿನಿಂದ ಬಾಗಿಲ ಮುಂದೆ ಇಟ್ಟರೂ, ಗೇಟಲ್ಲಿ ಕೊಟ್ಟರೂ ಮನೆ ನಂಬರ್ ಕಾಣುವಂತೆ ಒಂದು ಫೋಟೊ ತೆಗೆಯುತ್ತೇನೆ. ಓಟಿಪಿ ಇಲ್ಲದೆ 'ಡೆಲಿವರ್ಡ್' ಒತ್ತುವುದಿಲ್ಲ. ಇನ್ನೊಂದು, ಎರಡು ಕಂಪನಿಯ ಐಡಿ ಇಟ್ಟುಕೊಳ್ಳಿ. ಒಂದು ನಿಂತರೆ ಇನ್ನೊಂದರಲ್ಲಿ ಅನ್ನ ಬೇಯುತ್ತದೆ.

ಹಾಗಾದರೆ ಕೆಲಸ ಬಿಡುವುದು ಯಾವಾಗ?

ಮೂರು ತಿಂಗಳ ಪುಸ್ತಕ ಎದುರಿಗಿಟ್ಟುಕೊಳ್ಳಿ. ಮೂರರಲ್ಲಿ ಎಲ್ಲಕ್ಕಿಂತ ಕೆಟ್ಟ ತಿಂಗಳು ಯಾವುದು ನೋಡಿ. ಆ ತಿಂಗಳು ಗಂಟೆಗೆ ಎಷ್ಟು ಉಳಿಯಿತೋ ಅದನ್ನು ಪೂರ್ತಿ ದಿನದ ಗಂಟೆಗಳಿಗೆ ಹಾಕಿ, ಮಧ್ಯಾಹ್ನದ ಖಾಲಿ ಹೊತ್ತಿಗೆ ಅಂತ ಸ್ವಲ್ಪ ಇಳಿಸಿ. ಆಗ ಬರುವ ಮೊತ್ತದಲ್ಲಿ ಬಾಡಿಗೆ, ದಿನಸಿ, ಊರಿಗೆ ಕಳಿಸುವ ದುಡ್ಡು ಮೂರೂ ಏಳಬೇಕು. ಜೊತೆಗೆ ಒಂದು ತಿಂಗಳ ಪೂರ್ತಿ ಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಇರಬೇಕು. ಕೈಯೋ ಕಾಲೋ ಮುರಿದರೆ ಈ ಕೆಲಸದಲ್ಲಿ ಸಂಬಳದ ರಜೆ ಇಲ್ಲ. ಎರಡೂ ಇದ್ದರೆ ಬಿಡಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಂಜೆ ಪಾಳಿಯನ್ನೇ ಮುಂದುವರಿಸಿ, ಅವಸರ ಏನಿದೆ?

ಬೆನ್ನನ್ನೂ ಒಂದು ಮಾತು ಕೇಳಿ. ಸಂಜೆ ನಾಲ್ಕು ಗಂಟೆ ಓಡಿಸುವುದು ಬೇರೆ, ದಿನಕ್ಕೆ ಹತ್ತು ಗಂಟೆ ಬೇರೆ. ಕೆಲಸ ಬಿಡುವ ಮುಂಚೆ ರಜೆ ಹಾಕಿ ಒಂದು ವಾರ ಪೂರ್ತಿ ದಿನ ಓಡಿಸಿ ನೋಡಿ. ಆರನೇ ದಿನ ಬೆಳಗ್ಗೆ ಹಾಸಿಗೆಯಿಂದ ಹೇಗೆ ಏಳುತ್ತೀರಿ ಅನ್ನುವುದನ್ನೂ ಪುಸ್ತಕದಲ್ಲಿ ಬರೆದಿಡಿ.

ತಮ್ಮ ಬಂದು ಈಗ ಐದನೇ ತಿಂಗಳು. ಹಗಲು ಹಾರ್ಡ್‌ವೇರ್ ಅಂಗಡಿ, ಸಂಜೆ ಏಳರಿಂದ ಡೆಲಿವರಿ. ಎಂಟು ಹಾಕುವಾಗ ಒಂದು ಸಲ ಕಾಲಿಟ್ಟು ಫೇಲಾದ, ಎರಡನೇ ಸಲ ಪಾಸಾದ. ಮೊನ್ನೆ ಭಾನುವಾರ ಪುಸ್ತಕ ತಂದು ತೋರಿಸಿದ. ಕೆಟ್ಟ ತಿಂಗಳ ಲೆಕ್ಕದಲ್ಲಿ ಬಾಡಿಗೆ, ದಿನಸಿ ಏಳುತ್ತದೆ, ಊರಿಗೆ ಕಳಿಸಲು ಮಾತ್ರ ಎರಡು ಸಾವಿರ ಕಡಿಮೆ ಬೀಳುತ್ತದೆ.

"ಈಗ ಬಿಡ್ಲಾ ಅಣ್ಣ, ಇನ್ನೊಂದು ತಿಂಗಳು ನೋಡ್ಲಾ?" ಅಂದ.

ಉತ್ತರ ಹೇಳುವ ಮೊದಲು ನಾನು ಕಿಲೋಮೀಟರ್ ಕಾಲಂ ನೋಡಿದೆ. ಮಂಗಳವಾರ ಮತ್ತೆ ಮಾರತಹಳ್ಳಿಗೆ ಹೋಗಿದ್ದ.